ಕಂಪೈಲರ್, ಇಂಟರ್‌ಪ್ರಿಟರ್ ಮತ್ತು ಅನುವಾದದ ಹೊತ್ತು

2015ರ ಆಸುಪಾಸಿನಲ್ಲಿ ಆಂಡ್ರಾಯ್ಡ್ ಫೋನ್ ಬಳಸುತ್ತಿದ್ದವರಿಗೆ ಒಂದು ಪರದೆ ನೆನಪಿರಬಹುದು. ಅಪ್‌ಡೇಟ್ ಬಂದಿದೆಯೆಂದು ಒಪ್ಪಿಗೆ ಕೊಟ್ಟರೆ ಫೋನ್ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಆಮೇಲೆ, ಇಷ್ಟು ಆ್ಯಪ್‌ಗಳ ಪೈಕಿ ಇಷ್ಟನೆಯದನ್ನು ಆಪ್ಟಿಮೈಸ್ ಮಾಡಲಾಗುತ್ತಿದೆ ಎಂಬ ಸಾಲು ಕಾಣಿಸಿಕೊಂಡು ಅಂಕಿ ಒಂದೊಂದೇ ಏರುತ್ತಿತ್ತು. ಆ್ಯಪ್‌ಗಳನ್ನು ತುಂಬಿಕೊಂಡವರು ಫೋನನ್ನು ಅಲ್ಲೇ ಇಟ್ಟು ಬೇರೆ ಕೆಲಸ ನೋಡಿಕೊಳ್ಳಬೇಕಾಗಿತ್ತು. ಮುಂದೆ, 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಆ ಪರದೆ ಮಾಯವಾಯಿತು. ಫೋನ್ ಅಷ್ಟು ಹೊತ್ತು ಮಾಡುತ್ತಿದ್ದ ಕೆಲಸ ಯಾವುದು? ಅದು ಆಮೇಲೆ ಎಲ್ಲಿಗೆ ಹೋಯಿತು?

ಉತ್ತರ ಹುಡುಕುತ್ತಾ ಹೋದರೆ ಕಂಪ್ಯೂಟರ್ ಸೈನ್ಸ್ ಓದಿದವರೆಲ್ಲ ಒಮ್ಮೆಯಾದರೂ ಬಾಯಿಪಾಠ ಮಾಡಿದ ಪ್ರಶ್ನೆಯ ಎದುರು ಬಂದು ನಿಲ್ಲುತ್ತೇವೆ: ಕಂಪೈಲರ್‌ಗೂ ಇಂಟರ್‌ಪ್ರಿಟರ್‌ಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ. ನೋಟ್ಸ್‌ನಲ್ಲಿರುವ ಉತ್ತರ ಎಲ್ಲರಿಗೂ ಗೊತ್ತು. ಕಂಪೈಲರ್ ಇಡೀ ಪ್ರೋಗ್ರಾಮನ್ನು ಒಂದೇ ಸಲಕ್ಕೆ ಯಂತ್ರಭಾಷೆಗೆ ಅನುವಾದಿಸುತ್ತದೆ, ಇಂಟರ್‌ಪ್ರಿಟರ್ ಸಾಲು ಸಾಲಾಗಿ ಓದಿ ಆಗಿಂದಾಗಲೇ ನಡೆಸುತ್ತದೆ. ಸಿ ಮೊದಲನೆಯದಕ್ಕೆ ಉದಾಹರಣೆ, ಬೇಸಿಕ್ ಅಥವಾ ಪೈಥಾನ್ ಎರಡನೆಯದಕ್ಕೆ. ಈ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಇದರ ಮೊದಲರ್ಧ ಅರೆಸತ್ಯ, ಉದಾಹರಣೆಗಳು ದಾರಿ ತಪ್ಪಿಸುವಂಥವು. ಕಂಪೈಲ್ ಆಗುವುದು, ಇಂಟರ್‌ಪ್ರಿಟ್ ಆಗುವುದು ಭಾಷೆಯ ಹುಟ್ಟುಗುಣವಲ್ಲ. ಅನುವಾದದ ಶ್ರಮವನ್ನು ಯಾವ ಹೊತ್ತಿಗೆ, ಯಾರ ಖರ್ಚಿನಲ್ಲಿ ಮಾಡುವುದು ಎಂಬ ತೀರ್ಮಾನ ಅದು. ಆ ತೀರ್ಮಾನ ಎಪ್ಪತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿದೆ.

ಮೂಲ ಸಂಗತಿ ಸರಳ. ಪ್ರೊಸೆಸರ್‌ಗೆ ತಿಳಿಯುವುದು ಅಂಕಿಗಳ ರೂಪದ ಆದೇಶಗಳು ಮಾತ್ರ: ಈ ಜಾಗದಲ್ಲಿರುವ ಸಂಖ್ಯೆಯನ್ನು ತೆಗೆದುಕೋ, ಅದಕ್ಕೆ ಇದನ್ನು ಕೂಡಿಸು, ಅಲ್ಲಿ ಇಡು, ಸೊನ್ನೆಯಾಗಿದ್ದರೆ ಇಂಥಲ್ಲಿಗೆ ಜಿಗಿ. ನಾವು ಬರೆಯುವ ಕೋಡ್ ಹೇಗಾದರೂ ಮಾಡಿ ಇಲ್ಲಿಗೆ ಇಳಿಯಲೇಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಟರ್ಬೊ ಸಿ ಬಳಸಿದವರು ಇದರ ಒಂದು ದಾರಿಯನ್ನು ಕೈಯಾರೆ ನಡೆಸಿದ್ದಾರೆ. ನೀಲಿ ಪರದೆಯಲ್ಲಿ ಕೋಡ್ ಬರೆದು ಆಲ್ಟ್ ಮತ್ತು ಎಫ್9 ಒತ್ತಿದರೆ ಕಂಪೈಲ್. ತಪ್ಪುಗಳಿದ್ದರೆ ಕೆಳಗೆ ಪಟ್ಟಿ. ತಪ್ಪೆಲ್ಲ ತಿದ್ದಿದ ಮೇಲೆ ಕಂಟ್ರೋಲ್ ಮತ್ತು ಎಫ್9 ಒತ್ತಿದರೆ ರನ್. ಫೋಲ್ಡರ್ ತೆರೆದು ನೋಡಿದರೆ ನಾವು ಬರೆದ ಫೈಲ್ ಪಕ್ಕದಲ್ಲಿ ಇನ್ನೂ ಎರಡು ಹುಟ್ಟಿಕೊಂಡಿರುತ್ತಿದ್ದವು: ಒಂದು ಆಬ್ಜೆಕ್ಟ್ ಫೈಲ್, ಇನ್ನೊಂದು ಇಎಕ್ಸ್‌ಇ. ಆ ಇಎಕ್ಸ್‌ಇ ಫೈಲನ್ನು ಫ್ಲಾಪಿಗೆ ಹಾಕಿಕೊಂಡು ಹೋದರೆ ಟರ್ಬೊ ಸಿ ಇಲ್ಲದ ಕಂಪ್ಯೂಟರಿನಲ್ಲೂ ಅದು ಓಡುತ್ತಿತ್ತು. ಅನುವಾದ ಮುಗಿದಿದೆ, ಅನುವಾದಕನ ಕೆಲಸವೂ ಮುಗಿದಿದೆ. ಇನ್ನೊಂದು ದಾರಿಯಲ್ಲಿ ಅನುವಾದಕ ಹೊರಟು ಹೋಗುವುದೇ ಇಲ್ಲ. ಪ್ರೋಗ್ರಾಮ್ ಓಡುವಷ್ಟು ಹೊತ್ತೂ ಇಂಟರ್‌ಪ್ರಿಟರ್ ಎಂಬ ಮತ್ತೊಂದು ಪ್ರೋಗ್ರಾಮ್ ಜೊತೆಗಿದ್ದು, ಪ್ರತಿ ಆದೇಶವನ್ನೂ ಓದಿ, ಅರ್ಥ ಮಾಡಿಕೊಂಡು, ಅದಕ್ಕೆ ತಕ್ಕ ಕೆಲಸವನ್ನು ತಾನೇ ಮಾಡಿಸುತ್ತದೆ.

ಈ ಎರಡು ದಾರಿಗಳ ನಡುವಿನ ಆಯ್ಕೆ ಎಷ್ಟು ಹಳೆಯದು, ಎಷ್ಟು ಲೆಕ್ಕಾಚಾರದ್ದು ಎಂಬುದಕ್ಕೆ ಜಾನ್ ಬ್ಯಾಕಸ್ ಅವರ ಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಐಬಿಎಂನಲ್ಲಿದ್ದ ಬ್ಯಾಕಸ್ ಹೆಸರು ಇಂದು ಉಳಿದಿರುವುದು ಫೋರ್ಟ್ರಾನ್ ಕಂಪೈಲರಿನಿಂದ. ಆದರೆ ಅದಕ್ಕೂ ಮೊದಲು, 1953ರಲ್ಲಿ, ಐಬಿಎಂ 701 ಯಂತ್ರಕ್ಕಾಗಿ ಅವರು ಮಾಡಿದ್ದು ಸ್ಪೀಡ್‌ಕೋಡಿಂಗ್ ಎಂಬ ಇಂಟರ್‌ಪ್ರಿಟರ್. 701ಕ್ಕೆ ದಶಾಂಶ ಬಿಂದು ಅತ್ತಿತ್ತ ಸರಿಯುವ ಸಂಖ್ಯೆಗಳ, ಅಂದರೆ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಮಾಡುವ ಸರ್ಕ್ಯೂಟೇ ಇರಲಿಲ್ಲ. ಅಂಥ ಪ್ರತಿ ಗುಣಾಕಾರವನ್ನೂ ಆದೇಶಗಳ ಉದ್ದನೆಯ ಸರಣಿಯೊಂದರ ಮೂಲಕ ಮಾಡಿಸಬೇಕಿತ್ತು. ಇಂಟರ್‌ಪ್ರಿಟರ್ ಪ್ರತಿ ಆದೇಶವನ್ನು ಓದಿ ಅರ್ಥ ಮಾಡಿಕೊಳ್ಳಲು ವ್ಯಯಿಸುತ್ತಿದ್ದ ಸಮಯ ಆ ನಿಧಾನದ ಗುಣಾಕಾರದ ಮುಂದೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬರೆಯುವವರಿಗೆ ಸುಲಭ, ಯಂತ್ರಕ್ಕೆ ದೊಡ್ಡ ನಷ್ಟವಿಲ್ಲ.

ಮುಂದಿನ ಯಂತ್ರ ಐಬಿಎಂ 704. ಅದರಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಹಾರ್ಡ್‌ವೇರಿನಲ್ಲೇ ಇತ್ತು. ಗುಣಾಕಾರ ಥಟ್ಟನೆ ಮುಗಿಯತೊಡಗಿತು. ಆಗ ಇಂಟರ್‌ಪ್ರಿಟರಿನ ಖರ್ಚು ಕಣ್ಣಿಗೆ ಹೊಡೆಯುವಂತೆ ಎದ್ದು ಕಂಡಿತು. ಯಂತ್ರ ವೇಗವಾದದ್ದರಿಂದಲೇ ಇಂಟರ್‌ಪ್ರಿಟರ್ ದುಬಾರಿಯಾಯಿತು ಎಂಬುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ. ಇತ್ತ ಪ್ರೋಗ್ರಾಮರ್‌ಗಳ ಸಂಬಳದ ಖರ್ಚು ಕಂಪ್ಯೂಟರಿನ ಖರ್ಚಿಗೆ ಸರಿಸಮವಾಗಿ ನಿಂತಿತ್ತು. ಆದ್ದರಿಂದ ಬರೆಯುವುದು ಸುಲಭವಾಗಬೇಕು, ಓಡುವಾಗ ನಷ್ಟವೂ ಆಗಬಾರದು. 1953ರ ಕೊನೆಯಲ್ಲಿ ಬ್ಯಾಕಸ್ ಮೇಲಧಿಕಾರಿಗೆ ಪ್ರಸ್ತಾವ ಕೊಟ್ಟರು. ಯಾರು ಕೇಳಿದರೂ ಇನ್ನಾರು ತಿಂಗಳು ಎನ್ನುತ್ತಾ ಹೋದ ಕೆಲಸ ಮುಗಿದದ್ದು 1957ರ ಏಪ್ರಿಲ್‌ನಲ್ಲಿ.

ಅಷ್ಟು ವರ್ಷ ಹಿಡಿದದ್ದು ಬರೀ ಅನುವಾದಕ್ಕಲ್ಲ, ಒಳ್ಳೆಯ ಅನುವಾದಕ್ಕೆ. ಅಂದಿನ ನುರಿತ ಪ್ರೋಗ್ರಾಮರ್‌ಗಳು ಯಂತ್ರ ತನ್ನಂತೆ ತಾನೇ ತಯಾರಿಸಿದ ಕೋಡನ್ನು ನಂಬುತ್ತಿರಲಿಲ್ಲ. ಕೈಯಲ್ಲಿ ಬರೆದ ಕೋಡಿಗಿಂತ ಅದು ಎರಡು ಪಟ್ಟು ನಿಧಾನವಾದರೂ ಯಾರೂ ಫೋರ್ಟ್ರಾನ್ ಮುಟ್ಟುವುದಿಲ್ಲ ಎಂಬ ಭಯ ತಂಡಕ್ಕಿತ್ತು. ಹಾಗಾಗಿ ಯಾವ ಲೆಕ್ಕ ಲೂಪಿನೊಳಗೆ ಸುಮ್ಮನೆ ಮರುಕಳಿಸುತ್ತಿದೆ, ಯಾವ ಮೌಲ್ಯವನ್ನು ಪ್ರೊಸೆಸರಿನೊಳಗಿನ ಯಾವ ರಿಜಿಸ್ಟರಿನಲ್ಲಿಟ್ಟರೆ ಮೆಮೊರಿಗೆ ಓಡಾಡುವುದು ತಪ್ಪುತ್ತದೆ ಎಂದು ಮುಂಚಿತವಾಗಿ ವಿಶ್ಲೇಷಿಸುವ ವಿದ್ಯೆಯನ್ನೇ ಅವರು ಕಟ್ಟಿದರು. ಲೋಯಿಸ್ ಹೈಬ್ಟ್ ಎಂಬ ಯುವತಿ, ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಲ ಓಡಬಹುದು ಎಂದು ಮೊದಲೇ ಅಂದಾಜು ಮಾಡುವ ಭಾಗವನ್ನು ಬರೆದರು. ಈ ಅಂದಾಜಿನ ವಿಷಯ ನೆನಪಿಟ್ಟುಕೊಳ್ಳಿ. ಅಂದಾಜು ಮಾಡಬೇಕಾದದ್ದು ಏಕೆಂದರೆ, ಮುಂಚಿತವಾಗಿ ಅನುವಾದಿಸುವವರಿಗೆ ಪ್ರೋಗ್ರಾಮ್ ನಿಜವಾಗಿ ಓಡುವಾಗ ಏನಾಗುತ್ತದೆ ಎಂಬುದು ಕಾಣುವುದಿಲ್ಲ.

ಅದೇ 704ರ ಮೇಲೆ, ಕೆಲವೇ ವರ್ಷಗಳೊಳಗೆ, ಎಂಐಟಿಯಲ್ಲಿ ಲಿಸ್ಪ್ ಭಾಷೆಯ ಇಂಟರ್‌ಪ್ರಿಟರ್ ಹುಟ್ಟಿತು. ಜಾನ್ ಮೆಕಾರ್ಥಿ ಕಾಗದದ ಮೇಲೆ ಸಿದ್ಧಾಂತಕ್ಕೆಂದು ಬರೆದುಕೊಂಡಿದ್ದ ವ್ಯಾಖ್ಯೆಯೊಂದನ್ನು ಸ್ಟೀವ್ ರಸೆಲ್ ಯಂತ್ರಭಾಷೆಗೆ ಇಳಿಸಿದರು. ಅದು ಲಿಸ್ಪ್ ಪ್ರೋಗ್ರಾಮುಗಳನ್ನು ಓಡಿಸತೊಡಗಿತು. ಲಿಸ್ಪ್‌ನಲ್ಲಿ ಪ್ರೋಗ್ರಾಮ್ ಓಡುತ್ತಿರುವಾಗಲೇ ಹೊಸ ಪ್ರೋಗ್ರಾಮನ್ನು ಕಟ್ಟಬಹುದು. ಇನ್ನೂ ಹುಟ್ಟದ ಕೋಡನ್ನು ಮುಂಚಿತವಾಗಿ ಅನುವಾದಿಸುವುದು ಹೇಗೆ? ಅಲ್ಲಿ ಇಂಟರ್‌ಪ್ರಿಟರೇ ಸಹಜ. ಆದರೂ 1962ರ ಹೊತ್ತಿಗೆ ಲಿಸ್ಪ್‌ಗೂ ಕಂಪೈಲರ್ ಬಂದೇಬಿಟ್ಟಿತು, ಅದೂ ಲಿಸ್ಪ್‌ನಲ್ಲೇ ಬರೆದದ್ದು.

ಬೇಸಿಕ್ ಭಾಷೆಯ ಜಾತಕ ಇನ್ನೂ ಸ್ಪಷ್ಟ. ಪಠ್ಯಪುಸ್ತಕಗಳು ಇಂಟರ್‌ಪ್ರಿಟೆಡ್ ಭಾಷೆ ಎಂದು ಹೆಸರಿಸುವ ಬೇಸಿಕ್, 1964ರ ಮೇ 1ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೊದಲು ಓಡಿದಾಗ ಕಂಪೈಲ್ ಆಗಿಯೇ ಓಡಿತ್ತು. ವಿದ್ಯಾರ್ಥಿ ಟೆಲಿಟೈಪಿನಲ್ಲಿ ರನ್ ಎಂದು ಒತ್ತಿದೊಡನೆ ಇಡೀ ಪ್ರೋಗ್ರಾಮ್ ಯಂತ್ರಭಾಷೆಗೆ ತಿರುಗಿ ತಕ್ಷಣ ಓಡುವಂತೆ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದನ್ನು ರೂಪಿಸಿದ್ದರು. ಹನ್ನೊಂದು ವರ್ಷದ ಮೇಲೆ, 1975ರಲ್ಲಿ, ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿಗಾಗಿ ಬಿಲ್ ಗೇಟ್ಸ್, ಪಾಲ್ ಆಲನ್ ಮತ್ತು ಮಾಂಟಿ ಡೇವಿಡಾಫ್ ಬೇಸಿಕ್ ಬರೆದಾಗ ಅದು ಇಂಟರ್‌ಪ್ರಿಟರ್ ಆಯಿತು. ಕಾರಣ ಜಾಗದ ಅಭಾವ. ಎಲ್ಲವೂ 4 ಕಿಲೋಬೈಟ್ ಮೆಮೊರಿಯಲ್ಲಿ ಹಿಡಿಸಬೇಕಿತ್ತು. ಕಂಪೈಲರ್ ಇಟ್ಟರೆ ಅದಕ್ಕೊಂದಿಷ್ಟು ಜಾಗ, ಬರೆದ ಕೋಡಿಗೊಂದಿಷ್ಟು, ಅನುವಾದವಾಗಿ ಬಂದ ಯಂತ್ರಭಾಷೆಗೆ ಇನ್ನೊಂದಿಷ್ಟು. ಇಂಟರ್‌ಪ್ರಿಟರಿಗಾದರೆ ಮೂರನೆಯದು ಬೇಡ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಡಿ ಬಂದ ಬಿಬಿಸಿ ಮೈಕ್ರೊ ಯಂತ್ರಗಳಲ್ಲೂ ಇದ್ದದ್ದು ಇಂಥದೇ ಬೇಸಿಕ್ ಇಂಟರ್‌ಪ್ರಿಟರ್. ಬರೆದವರು ಸೋಫಿ ವಿಲ್ಸನ್. ಆ ತಲೆಮಾರಿನ ಮಕ್ಕಳಿಗೆ ಬೇಸಿಕ್ ಎಂದರೆ ಇಂಟರ್‌ಪ್ರಿಟರ್ ಎಂದೇ ಮನಸ್ಸಿನಲ್ಲಿ ಕೂತಿತು. ಭಾಷೆ ಅದೇ, ಯಂತ್ರದ ಅನುಕೂಲ ಬದಲಾಗಿತ್ತು, ಅಷ್ಟೆ.

ಇಂದಿನ ಮಕ್ಕಳು ಕಲಿಯುವ ಪೈಥಾನ್‌ಗೆ ಬರೋಣ. ಸಾಲು ಸಾಲಾಗಿ ಓದಿ ಓಡಿಸುತ್ತದೆ ಎಂಬ ಮಾತನ್ನು ಪರೀಕ್ಷಿಸುವುದು ಬಹಳ ಸುಲಭ. ಒಂದು ಫೈಲಿನಲ್ಲಿ ಮೊದಲ ಸಾಲಿಗೆ ‘ನಮಸ್ಕಾರ’ ಎಂದು ಪ್ರಿಂಟ್ ಮಾಡುವ ಆದೇಶ ಬರೆಯಿರಿ. ಹತ್ತನೆಯ ಸಾಲಿನಲ್ಲಿ ಬೇಕೆಂದೇ ಒಂದು ಆವರಣ ಚಿಹ್ನೆಯನ್ನು ಮುಚ್ಚದೆ ಬಿಡಿ. ಈಗ ಓಡಿಸಿ. ಸಾಲು ಸಾಲಾಗಿ ನಡೆಯುವುದು ನಿಜವಾಗಿದ್ದರೆ ಮೊದಲು ನಮಸ್ಕಾರ ಬರಬೇಕು, ಆಮೇಲೆ ತಪ್ಪಿನ ದೂರು. ಆದರೆ ನಮಸ್ಕಾರ ಬರುವುದೇ ಇಲ್ಲ. ಸಿಂಟ್ಯಾಕ್ಸ್ ಎರರ್ ಮಾತ್ರ ಬರುತ್ತದೆ. ಈಗ ಆವರಣ ಮುಚ್ಚಿ, ಅದರ ಬದಲು ಎಲ್ಲೂ ಇಲ್ಲದ ವೇರಿಯಬಲ್ ಒಂದರ ಹೆಸರನ್ನು ಹತ್ತನೆಯ ಸಾಲಿನಲ್ಲಿ ಬಳಸಿ. ಈ ಸಲ ನಮಸ್ಕಾರ ಬರುತ್ತದೆ, ಆಮೇಲೆ ನೇಮ್ ಎರರ್.

ಎರಡು ಫಲಿತಾಂಶಗಳ ನಡುವೆ ಇಡೀ ಗುಟ್ಟಿದೆ. ಪೈಥಾನ್ ಮೊದಲು ಪೂರ್ತಿ ಫೈಲನ್ನು ಓದಿ ಬೈಟ್‌ಕೋಡ್ ಎಂಬ ನಡುಭಾಷೆಗೆ ಕಂಪೈಲ್ ಮಾಡುತ್ತದೆ. ವ್ಯಾಕರಣ ಕೆಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಆ ಬೈಟ್‌ಕೋಡನ್ನು ಇಂಟರ್‌ಪ್ರಿಟರ್ ಒಂದೊಂದೇ ಆದೇಶವಾಗಿ ನಡೆಸುತ್ತದೆ. ಹೆಸರು ಸಿಗದಿದ್ದರೆ ಗೊತ್ತಾಗುವುದು ಆಗಲೇ. ಒಂದು ಪೈಥಾನ್ ಫೈಲಿನಿಂದ ಇನ್ನೊಂದನ್ನು ಇಂಪೋರ್ಟ್ ಮಾಡಿದಾಗ ಪಕ್ಕದಲ್ಲಿ ಪೈಕ್ಯಾಶ್ ಎಂಬ ಫೋಲ್ಡರ್ ತಾನಾಗಿ ಹುಟ್ಟುತ್ತದಲ್ಲ, ಅದರೊಳಗಿರುವುದು ಈ ಬೈಟ್‌ಕೋಡ್. ಮುಂದಿನ ಸಲ ಮತ್ತೆ ಅನುವಾದಿಸುವ ಶ್ರಮ ಉಳಿಯಲೆಂದು ಎತ್ತಿಟ್ಟದ್ದು. ಹೋಟೆಲಿನವರು ರಾತ್ರಿಯೇ ರುಬ್ಬಿಟ್ಟ ದೋಸೆ ಹಿಟ್ಟಿನಂತೆ: ಅಡುಗೆ ಮುಗಿದಿಲ್ಲ, ಆದರೆ ಗಿರಾಕಿ ಬಂದ ಮೇಲೆ ಅಕ್ಕಿ ನೆನೆಸುವ ಪ್ರಮೇಯವೂ ಇಲ್ಲ.

ಹಾಗಿದ್ದರೂ ಪೈಥಾನ್ ಏಕೆ ನಿಧಾನ? ಎರಡು ಸಂಖ್ಯೆ ಕೂಡಿಸುವುದನ್ನೇ ನೋಡಿ. ಸಿ ಭಾಷೆಯಲ್ಲಿ ಎರಡೂ ಪೂರ್ಣಾಂಕಗಳೆಂದು ಮೊದಲೇ ಬರೆದುಕೊಟ್ಟಿರುತ್ತೇವೆ. ಕಂಪೈಲರ್ ಅದಕ್ಕೆ ಕೂಡುವ ಒಂದೇ ಒಂದು ಯಂತ್ರ ಆದೇಶ ಹಾಕಿದರೆ ಸಾಕು. ಪೈಥಾನ್‌ನಲ್ಲಿ ಇಂಟರ್‌ಪ್ರಿಟರ್ ಬೈಟ್‌ಕೋಡಿನ ಆದೇಶ ಓದಬೇಕು, ಎಡಗಡೆಯದು ಏನೆಂದು ಕೇಳಬೇಕು: ಪೂರ್ಣಾಂಕವೋ, ದಶಾಂಶವೋ, ಪಠ್ಯವೋ, ಪಟ್ಟಿಯೋ? ಬಲಗಡೆಯದನ್ನೂ ಕೇಳಬೇಕು. ಆ ಜೋಡಿಗೆ ತಕ್ಕ ಕೂಡುವ ವಿಧಾನ ಹುಡುಕಬೇಕು. ಉತ್ತರಕ್ಕೆ ಸಾಮಾನ್ಯವಾಗಿ ಮೆಮೊರಿಯಲ್ಲಿ ಹೊಸ ಜಾಗ ಮಾಡಬೇಕು, ಅದನ್ನು ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಲೆಕ್ಕ ಇಡಬೇಕು. ಸಿ ಭಾಷೆಯಲ್ಲಿ ಸಾಮಾನ್ಯವಾಗಿ 4 ಬೈಟ್ ಹಿಡಿಯುವ 1 ಎಂಬ ಸಂಖ್ಯೆ, 64 ಬಿಟ್ ಯಂತ್ರದ ಪೈಥಾನ್‌ನಲ್ಲಿ 28 ಬೈಟ್ ಹಿಡಿಯುತ್ತದೆ. ಲೂಪಿನಲ್ಲಿ ಇಂಥ ಕೂಡುವಿಕೆ ಕೋಟಿ ಸಲ ನಡೆದರೆ ಸಿ ಮತ್ತು ಪೈಥಾನ್ ನಡುವಿನ ಅಂತರ ಹತ್ತಾರು ಪಟ್ಟಾಗುತ್ತದೆ. ಅಂದರೆ ನಿಧಾನಕ್ಕೆ ಇಂಟರ್‌ಪ್ರಿಟರ್ ಒಂದೇ ಹೊಣೆಯಲ್ಲ. ವೇರಿಯಬಲ್‌ಗೆ ಯಾವುದನ್ನು ಬೇಕಾದರೂ ಹಾಕಿಕೊಳ್ಳಿ ಎಂದು ಭಾಷೆ ಕೊಟ್ಟಿರುವ ಸ್ವಾತಂತ್ರ್ಯದ ಬೆಲೆಯೂ ಅದರಲ್ಲಿ ಸೇರಿದೆ. ಇಂಟರ್‌ಪ್ರಿಟರನ್ನು ಬೈಯುವವರು ಈ ಎರಡನ್ನು ಬೇರೆ ಬೇರೆಯಾಗಿ ನೋಡುವುದನ್ನು ಕಲಿಯಬೇಕು.

1995ರಲ್ಲಿ ಬಂದ ಜಾವಾ ಈ ನಡುಭಾಷೆಯ ಉಪಾಯವನ್ನು ಮನೆಮಾತು ಮಾಡಿತು. ಒಮ್ಮೆ ಬೈಟ್‌ಕೋಡ್ ಮಾಡಿಕೊಂಡರೆ ಜಾವಾ ವರ್ಚುವಲ್ ಮಷೀನ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಓಡಿಸಬಹುದು. ಮೊದಮೊದಲು ಅದೂ ನಿಧಾನವೆಂದೇ ಹೆಸರು ಕೆಡಿಸಿಕೊಂಡಿತ್ತು. 1999ರಲ್ಲಿ ಸನ್ ಕಂಪನಿ ಹಾಟ್‌ಸ್ಪಾಟ್ ತಂದ ಮೇಲೆ ಚಿತ್ರ ಬದಲಾಯಿತು. ಹಾಟ್‌ಸ್ಪಾಟ್ ಮೊದಲು ಇಂಟರ್‌ಪ್ರಿಟ್ ಮಾಡುತ್ತಲೇ ಯಾವ ಭಾಗ ಸಾವಿರಾರು ಸಲ ಓಡುತ್ತಿದೆ ಎಂದು ಎಣಿಸುತ್ತದೆ. ಬಿಸಿಯಾದ ಭಾಗವನ್ನಷ್ಟೇ, ಪ್ರೋಗ್ರಾಮ್ ಓಡುತ್ತಿರುವಾಗಲೇ, ಯಂತ್ರಭಾಷೆಗೆ ಕಂಪೈಲ್ ಮಾಡುತ್ತದೆ. ಇದಕ್ಕೆ ಜಿಟ್ ಎನ್ನುತ್ತಾರೆ. 1957ರಲ್ಲಿ ಅಂದಾಜು ಮಾಡಬೇಕಾಗಿದ್ದದ್ದನ್ನು ಇಲ್ಲಿ ಕಣ್ಣಾರೆ ನೋಡಿ ಲೆಕ್ಕ ಹಾಕಬಹುದು. ಈ ಜಾಗಕ್ಕೆ ಇದುವರೆಗೂ ಪೂರ್ಣಾಂಕವೇ ಬಂದಿದೆ ಎಂದು ಕಂಡರೆ ಪೂರ್ಣಾಂಕಕ್ಕೆ ಮಾತ್ರ ತಕ್ಕ ವೇಗದ ಕೋಡ್ ಮಾಡುವ ಧೈರ್ಯವನ್ನೂ ಇಂಥ ಕಂಪೈಲರ್‌ಗಳು ತೋರುತ್ತವೆ. ಮುಂದೆ ಊಹೆ ಸುಳ್ಳಾದರೆ ಆ ಕೋಡನ್ನು ಎಸೆದು ಮತ್ತೆ ಇಂಟರ್‌ಪ್ರಿಟರಿಗೆ ಮರಳುತ್ತವೆ.

ಇನ್ನು ಆಂಡ್ರಾಯ್ಡ್ ಪರದೆಯ ವಿಷಯ. ಆಂಡ್ರಾಯ್ಡ್ ಆ್ಯಪ್‌ಗಳು ನಮ್ಮ ಫೋನಿಗೆ ಬರುವುದು ಬೈಟ್‌ಕೋಡ್ ರೂಪದಲ್ಲಿ. ಮೊದಲ ಫೋನುಗಳಲ್ಲಿ ಡಾಲ್ವಿಕ್ ಎಂಬ ವ್ಯವಸ್ಥೆ ಅದನ್ನು ಇಂಟರ್‌ಪ್ರಿಟ್ ಮಾಡುತ್ತಿತ್ತು. 2010ರಲ್ಲಿ ಜಿಟ್ ಸೇರಿತು. 2014ರ ಆಂಡ್ರಾಯ್ಡ್ 5ರಲ್ಲಿ ಡಾಲ್ವಿಕ್ ಹೋಗಿ ಎಆರ್‌ಟಿ ಬಂತು. ಇನ್‌ಸ್ಟಾಲ್ ಆಗುವ ಹೊತ್ತಿಗೇ ಇಡೀ ಆ್ಯಪನ್ನು ಯಂತ್ರಭಾಷೆಗೆ ಕಂಪೈಲ್ ಮಾಡುವುದು ಅದರ ಪದ್ಧತಿ. ಓಡುವಾಗ ವೇಗ ಸಿಕ್ಕಿತು, ಬ್ಯಾಟರಿ ಉಳಿಯಿತು. ಆದರೆ ಇನ್‌ಸ್ಟಾಲ್ ನಿಧಾನವಾಯಿತು, ಸ್ಟೋರೇಜ್ ಹೆಚ್ಚು ತಿಂದಿತು, ಸಿಸ್ಟಮ್ ಅಪ್‌ಡೇಟ್ ಆದಾಗಲೆಲ್ಲ ಪ್ರತಿ ಆ್ಯಪನ್ನೂ ಮತ್ತೆ ಕಂಪೈಲ್ ಮಾಡಬೇಕಾಯಿತು. ನಾವು ನೋಡುತ್ತಾ ಕೂತಿದ್ದ ಅಂಕಿಗಳು ಅವೇ. ಒಂದು ಆ್ಯಪಿನಲ್ಲಿ ನಾವು ಎಂದೂ ತೆರೆಯದ ಮೂಲೆಗಳೇ ಹೆಚ್ಚು. ಅವನ್ನೆಲ್ಲ ಅನುವಾದಿಸಿಡುವುದು ದಂಡ. ಇದನ್ನರಿತು 2016ರ ಆಂಡ್ರಾಯ್ಡ್ 7ರಲ್ಲಿ ಗೂಗಲ್ ಎಂಜಿನಿಯರುಗಳು ಇಂಟರ್‌ಪ್ರಿಟರನ್ನು ಗೌರವದಿಂದ ವಾಪಸ್ ಕರೆದರು. ಹೊಸ ಆ್ಯಪ್ ಇನ್‌ಸ್ಟಾಲ್ ಆದೊಡನೆ ಇಂಟರ್‌ಪ್ರಿಟರ್ ಮತ್ತು ಜಿಟ್ ಜೊತೆಯಲ್ಲಿ ಓಡುತ್ತದೆ, ಯಾವ ಭಾಗ ಹೆಚ್ಚು ಬಳಕೆಯಾಗುತ್ತಿದೆ ಎಂದು ಫೋನ್ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಫೋನನ್ನು ಚಾರ್ಜಿಗೆ ಹಾಕಿ ಬಳಸದೆ ಬಿಟ್ಟಾಗ ಆ ಭಾಗಗಳನ್ನಷ್ಟೇ ಕಂಪೈಲ್ ಮಾಡಿಡುತ್ತದೆ. ನಾವು ಮಲಗಿರುವಾಗ ನಡೆಯುವುದರಿಂದ ಪರದೆಯ ಮೇಲೆ ಅಂಕಿ ಏರಿಸಿ ನಮ್ಮನ್ನು ಕಾಯಿಸುವ ಅಗತ್ಯ ಉಳಿದಿಲ್ಲ.

ಬ್ರೌಸರಿನಲ್ಲೂ ಇದೇ ಬಗೆಯ ಹಿಮ್ಮುಖ ಪಯಣ ನಡೆದಿದೆ. 2008ರಲ್ಲಿ ಕ್ರೋಮ್ ಜೊತೆ ಬಂದ ವಿ8 ಎಂಜಿನ್‌ನಲ್ಲಿ ಇಂಟರ್‌ಪ್ರಿಟರೇ ಇರಲಿಲ್ಲ. ಜಾವಾಸ್ಕ್ರಿಪ್ಟನ್ನು ನೇರ ಯಂತ್ರಭಾಷೆಗೆ ಕಂಪೈಲ್ ಮಾಡುತ್ತಿತ್ತು. ಅದರ ವೇಗ ಇಡೀ ವೆಬ್ಬಿನ ಸ್ವರೂಪ ಬದಲಿಸಿತು. ಆದರೆ ಯಂತ್ರಭಾಷೆ ಬೈಟ್‌ಕೋಡಿಗಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಕಡಿಮೆ ಮೆಮೊರಿಯ ಅಗ್ಗದ ಫೋನುಗಳಲ್ಲಿ ಅದು ಭಾರವಾಯಿತು. ಅಂಥ ಫೋನುಗಳಿಗಾಗಿ 2016ರಲ್ಲಿ ಇಗ್ನಿಷನ್ ಎಂಬ ಇಂಟರ್‌ಪ್ರಿಟರ್ ಸೇರಿಸಿದರು. 2017ರಲ್ಲಿ ಅದು ಎಲ್ಲರ ಕ್ರೋಮಿಗೂ ಬಂತು. 4 ಕಿಲೋಬೈಟಿನ ಆಲ್ಟೇರ್‌ನಲ್ಲಿ ಗೆದ್ದ ವಾದವೇ 512 ಮೆಗಾಬೈಟಿನ ಫೋನಿನಲ್ಲೂ ಗೆದ್ದಿತು. ಐಫೋನಿನಲ್ಲಿ ಬೇರೊಂದು ಲೆಕ್ಕ ನಡೆಯುತ್ತದೆ. ಓಡುತ್ತಿರುವಾಗ ಹೊಸ ಯಂತ್ರಭಾಷೆ ತಯಾರಿಸುವ ಅವಕಾಶ ದುಷ್ಟರಿಗೂ ಬಾಗಿಲಾಗಬಹುದು. ಆದ್ದರಿಂದ ಸಾಮಾನ್ಯ ಆ್ಯಪ್‌ಗಳಿಗೆ ಆಪಲ್ ಜಿಟ್ ಬಳಸಲು ಬಿಡುವುದಿಲ್ಲ. ಹ್ಯಾಕರ್‌ಗಳ ಗುರಿಯಾಗಬಲ್ಲ ಪತ್ರಕರ್ತರು, ಹೋರಾಟಗಾರರಂಥವರಿಗಾಗಿ 2022ರಲ್ಲಿ ತಂದ ಲಾಕ್‌ಡೌನ್ ಮೋಡ್‌ನಲ್ಲಿ ಸಫಾರಿ ಬ್ರೌಸರಿನ ಜಿಟ್ ಕೂಡ ನಿಂತುಹೋಗುತ್ತದೆ. ಅಲ್ಲಿ ನಿಧಾನವೇ ಸುರಕ್ಷತೆ.

ಇಷ್ಟಾದರೂ ಯಂತ್ರಭಾಷೆಯೇ ಕೊನೆಯ ನಿಲ್ದಾಣವೆಂದುಕೊಳ್ಳುವಂತಿಲ್ಲ. 1995ರ ಪೆಂಟಿಯಂ ಪ್ರೊ ಕಾಲದಿಂದ ಇಂಟೆಲ್ ಪ್ರೊಸೆಸರ್‌ಗಳು ತಮಗೆ ಬಂದ ಯಂತ್ರ ಆದೇಶಗಳನ್ನು ಒಳಗೊಳಗೇ ಇನ್ನೂ ಚಿಕ್ಕ ಆದೇಶಗಳಾಗಿ ಒಡೆದುಕೊಂಡು ನಡೆಸುತ್ತಿವೆ. 2020ರಲ್ಲಿ ಆಪಲ್ ತನ್ನ ಮ್ಯಾಕ್‌ಗಳ ಪ್ರೊಸೆಸರ್ ಬದಲಿಸಿದಾಗ, ಆಗಲೇ ಕಂಪೈಲ್ ಆಗಿ ಮುಗಿದಿದ್ದ ಪ್ರೋಗ್ರಾಮುಗಳನ್ನು ರೊಸೆಟ್ಟಾ 2 ಎಂಬ ತಂತ್ರಾಂಶ ಮತ್ತೊಮ್ಮೆ ಅನುವಾದಿಸಿ ಓಡಿಸಿತು.

ಈಗಿನ ಕೃತಕ ಬುದ್ಧಿಮತ್ತೆಯ ಕೆಲಸದಲ್ಲಿ ಈ ಎರಡು ದಾರಿಗಳ ಕೂಡಿಕೆ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಸಂಶೋಧಕರು ಬರೆಯುವುದು ಪೈಥಾನ್. ಕೋಟಿಗಟ್ಟಲೆ ಗುಣಾಕಾರಗಳು ನಡೆಯುವುದು ಮುಂಚಿತವಾಗಿ ಕಂಪೈಲ್ ಆದ ಸಿ ಪ್ಲಸ್ ಪ್ಲಸ್ ಮತ್ತು ಜಿಪಿಯು ಕೋಡಿನಲ್ಲಿ. ಇಂಥ ಕೆಲಸಕ್ಕೆ ಬಳಸುವ ಪೈಟಾರ್ಚ್ ಲೈಬ್ರರಿಯ 2023ರ ಎರಡನೆಯ ಆವೃತ್ತಿ ಬಳಕೆದಾರರ ಪೈಥಾನ್ ಕೋಡಿನ ಭಾಗಗಳನ್ನೇ ಹಿಡಿದು ಕಂಪೈಲ್ ಮಾಡುವ ಸೌಲಭ್ಯ ತಂದಿತು. ಲೂಪುಗಳನ್ನು ಗಣಿತದ ಆಕೃತಿಗಳಂತೆ ಕಂಡು ಮರುಜೋಡಿಸುವ ವಿದ್ಯೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂಧುಗುಲ ಅವರ ಪ್ಲೂಟೊ ಕಂಪೈಲರ್ ಜಗತ್ತಿನಾದ್ಯಂತ ಪರಿಚಿತ. ಅದೇ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲೇ ಬಂದಿದೆ. ಕಂಪೈಲರ್ ವಿದ್ಯೆ ನಮಗೆ ದೂರದ್ದಲ್ಲ. ಕಾಲೇಜು ಪಾಠಗಳು ಅದನ್ನು ದೂರ ಇಟ್ಟಿವೆ.

ಆದ್ದರಿಂದ ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಅಧ್ಯಾಪಕರಲ್ಲಿ ಒಂದು ವಿನಂತಿ. ವ್ಯತ್ಯಾಸಗಳ ಆ ಎರಡು ಕಾಲಂ ಪಟ್ಟಿಯನ್ನು ಕೇಳುವುದನ್ನು ನಿಲ್ಲಿಸಿ. ಇದೇ ಭಾಷೆಯನ್ನು 4 ಕಿಲೋಬೈಟಿನ ಯಂತ್ರಕ್ಕೆ, ಫೋನಿಗೆ, ಹವಾಮಾನ ಲೆಕ್ಕ ಹಾಕುವ ಸೂಪರ್‌ ಕಂಪ್ಯೂಟರಿಗೆ ಕೊಡಬೇಕಾದರೆ ಅನುವಾದವನ್ನು ಯಾವಾಗ ಮಾಡುತ್ತೀರಿ, ಏಕೆ ಎಂದು ಕೇಳಿ. ಅದಕ್ಕೂ ಮೊದಲು ಲ್ಯಾಬಿನಲ್ಲಿ ಮುಚ್ಚದ ಆವರಣದ ಪ್ರಯೋಗವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಪೈಥಾನ್ ಜೊತೆಗೇ ಬರುವ ಡಿಸ್ ಎಂಬ ಮಾಡ್ಯೂಲಿನಿಂದ ಅವರವರ ಕೋಡಿನ ಬೈಟ್‌ಕೋಡನ್ನು ತೆಗೆಸಿ ತೋರಿಸಿ. ಎರಡಕ್ಕೂ ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಲ್ಯಾಬ್ ತರಗತಿ ಸಾಕು.